ಸರಲವೃಕ್ಷಗಳ ಜನರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸ್ಯಾನ್ ಬರ್ನಾರ್ಡಿನೋ ಎಂಬ ಪರ್ವತಶ್ರೇಣಿಯುಂಟು. ಅಲ್ಲಿ ಪುರಾತನ ಕಾಲದಿಂದ ವಾಸಿಸುತ್ತ ಬಂದ ಜನರನ್ನು ಲೋಕವು ಸೆರಾನೋ ಎಂದು ಕರೆಯುವುದು. ಇದು ಸ್ಪ್ಯಾನಿಷ್ ಶಬ್ದ. ಪರ್ವತವಾಸಿ ಎಂದು ಇದರ ಅರ್ಥ. ಇದು ಪರರು ಇಟ್ಟ ಹೆಸರು. ಅವರಲ್ಲಿ ಒಂದು ಶಾಖೆಯವರು ತಮ್ಮನ್ನು ಯುಹಾವಿಯಾತಮ್, ಎಂದರೆ ಪೈನ್ ಮರಗಳ ಜನರು, ಎಂದು ಹೇಳಿಕೊಳ್ಳುವರು. ಪೈನ್ ಎಂಬುದು ಸಂಸ್ಕೃತ ಕಾವ್ಯಗಳಲ್ಲಿ ಬರುವ ಸರಲವೃಕ್ಷದ ಜಾತಿಯದು.

ಈ ಹೆಸರಿಗೊಂದು ಕಥೆಯಿದೆ. ಸೃಷ್ಟಿಕರ್ತನಾದ ಕ್ರುಕ್ತಾತನು ಮೃತನಾಗಲು, ಪ್ರಜೆಗಳು ಶೋಕಾತಿಶಯದಿಂದ ಪೈನ್ ಮರಗಳಾಗಿ ನಿಂತುಬಿಟ್ಟರಂತೆ. ಆ ಕಾಡು ಉದುರಿಸಿದ ಕಾಯಿಬೀಜಗಳೇ ಮುಂದಿನ ಪೀಳಿಗೆಗಳಿಗೆ ಅನ್ನವಾದುವಂತೆ.

ಓಕ್ ಮರದ ಕಾಯಿಗಳು ಇವರ ಮುಖ್ಯಾಹಾರಗಳಲ್ಲೊಂದು. ಸ್ತ್ರೀಯರು ಅವನ್ನು ಕುಟ್ಟಿ ಹಿಟ್ಟುಮಾಡಿ, ಮೇಲಿಂದ ಮೇಲೆ ನೀರೆರೆದು ಕಹಿಯನ್ನು ಕಳೆದು, ಅಂಬಲಿ ಕಾಯಿಸುತ್ತಿದ್ದರು. ಬುಟ್ಟಿ ಹೆಣೆಯುವುದರಲ್ಲಿಯೂ ಅವರು ಬಹು ನಿಪುಣರು. ಕುಲಗಳೆಲ್ಲ ಕಾಡುಬೆಕ್ಕಿನ ಪಕ್ಷ, ಕೊಯೋಟೆಯೆಂಬ ತೋಳದಂಥ ಮೃಗದ ಪಕ್ಷ ಎಂದು ಎರಡಾಗಿದ್ದುವು. ನಮ್ಮಲ್ಲಿ ಸಗೋತ್ರ ವಿವಾಹವು ನಿಷಿದ್ಧವಾಗಿರುವಂತೆ, ಅವರಲ್ಲಿ ಸ್ವಪಕ್ಷದೊಳಗೆ ಕನ್ಯೆಯನ್ನು ತರಕೂಡದು.

1771ರಲ್ಲಿ ಸ್ಪೇನಿನ ಪಾದ್ರಿಗಳು ಸ್ಯಾನ್ ಗೇಬ್ರಿಯಲ್ ಎಂಬಲ್ಲಿ ಮಠವನ್ನು ಸ್ಥಾಪಿಸಿದರು. 1819ರಲ್ಲಿ ಅದರ ಉಪಠಾಣ್ಯವು ಸ್ಯಾನ್ ಬರ್ನಾರ್ಡಿನೋ ಕಣಿವೆಗೇ ಬಂದಿತು. ಪರ್ವತವಾಸಿಗಳಲ್ಲಿ ಅನೇಕರು ಮಠಗಳ ಪಾಲಾದರು. ರೋಗಗಳು ಬಹುಮಂದಿಯನ್ನು ನುಂಗಿದುವು. 1866ರಲ್ಲಿ ಬಿಳಿಯರ ದಂಡೊಂದು ಬೆಟ್ಟವನ್ನೇರಿ, ಮೂವತ್ತೆರಡು ದಿನಗಳ ಕಾಲ ಸ್ತ್ರೀಬಾಲವೃದ್ಧರೆನ್ನದೆ ಸಂಹರಿಸಿತು. ಆಗ ಸಾಂಟೋಸ್ ಮ್ಯಾನುಯೆಲ್ ಎಂಬ ನಾಯಕನು ಅಳಿದುಳಿದವರನ್ನು ಬೆಟ್ಟದಿಂದಿಳಿಸಿ ಕಣಿವೆಗೆ ಕರೆತಂದು ಕಾಪಾಡಿದನು. 1891ರಲ್ಲಿ ಸರ್ಕಾರವು ಇವರಿಗಾಗಿ ಬಿಟ್ಟುಕೊಟ್ಟ ಭೂಮಿಯು ಅವನ ಹೆಸರನ್ನೇ ಹೊತ್ತು ಸ್ಯಾನ್ ಮ್ಯಾನುಯೆಲ್ ಎನಿಸಿಕೊಂಡಿತು.

ಜನರು ಉಳಿದರು, ಆದರೆ ಭಾಷೆಯು ಕ್ಷೀಣಿಸಿತು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೇ ಕಲಿತು ಮನೆಗೂ ಅದನ್ನೇ ತಂದರು. 1909ರಲ್ಲಿ ಜನಿಸಿದ ಡೊರೊಥಿ ರಮೋನ್ ಎಂಬ ವೃದ್ಧೆಯು ಆ ನುಡಿಯನ್ನು ನಿರರ್ಗಳವಾಗಿ ಬಲ್ಲವರಲ್ಲಿ ಕೊನೆಯವಳು. ಆಕೆ ತನ್ನ ಜನರ ಆಚಾರವಿಚಾರಗಳನ್ನು ಸೆರಾನೋ ಭಾಷೆಯಲ್ಲಿಯೇ ಹೇಳುತ್ತ ಬರಲು, ಎರಿಕ್ ಎಲಿಯಟ್ ಎಂಬ ಭಾಷಾಶಾಸ್ತ್ರಜ್ಞನು ಅದನ್ನು ಬರೆದುಕೊಂಡನು. 2000ದಲ್ಲಿ ಆ ಗ್ರಂಥವು ಅಚ್ಚಾಯಿತು; 2002ರಲ್ಲಿ ಆಕೆ ತೀರಿಕೊಂಡಳು.

ಈಗ ಸೆರಾನೋ ಮಕ್ಕಳು ತಮ್ಮ ಅಜ್ಜಿಯರ ನುಡಿಯನ್ನು ಪಾಠವಾಗಿ ಕಲಿಯುತ್ತಿದ್ದಾರೆ. ತೊಟ್ಟಿಲ ಬಳಿ ತಾನಾಗಿ ಬರಬೇಕಾದುದನ್ನು ಶ್ರಮದಿಂದ ಸಂಪಾದಿಸಬೇಕಾಗಿದೆ. ಅವರಲ್ಲಿ ಬಲಾತ್ಕಾರವು ಮಾಡಿದುದನ್ನು ನಮ್ಮ ಮನೆಗಳಲ್ಲಿ ಅಲಕ್ಷ್ಯವು ಮಾಡದಿರಲೆಂದು ವಾಚಕರನ್ನು ಕೋರುತ್ತೇವೆ.