ಭೂಕಾಂತೀಯ ಕ್ಷೋಭೆಗಳು ಮತ್ತು ಪ್ಲಾಸ್ಮಾಗೋಳದ ಸ್ಥಿತ್ಯಂತರ

ಅಯಾನುಗೋಳದ ಮೇಲ್ಭಾಗದಿಂದ ಹಲವು ಭೂತ್ರಿಜ್ಯಗಳ ದೂರದವರೆಗೆ ಹರಡಿರುವ, ತಂಪಾದ ಹಾಗೂ ಸಾಂದ್ರವಾದ ಪ್ಲಾಸ್ಮಾದ ವಲಯವೇ ಪ್ಲಾಸ್ಮಾಗೋಳ. ತಂಪು ಎಂಬ ಮಾತು ಇಲ್ಲಿ ಸಾಪೇಕ್ಷ. ಇದರ ಉಷ್ಣತೆ ಸುಮಾರು 10,000 ಕೆಲ್ವಿನ್. ಭೂಮಿಯ ಕಾಂತಕ್ಷೇತ್ರದಲ್ಲಿ ಸೆರೆಯಾಗಿರುವ ಈ ಪ್ಲಾಸ್ಮಾ ಬಹುಮಟ್ಟಿಗೆ ಭೂಮಿಯೊಡನೆಯೇ ಸುತ್ತುತ್ತದೆ. ತೀವ್ರ ಭೂಕಾಂತೀಯ ಕ್ಷೋಭೆಯಲ್ಲಿ ಈ ವಲಯ ಕೆಲವೇ ಗಂಟೆಗಳಲ್ಲಿ ಕುಗ್ಗುತ್ತದೆ. ಮತ್ತೆ ತುಂಬಿಕೊಳ್ಳಲು ಹಲವು ದಿನಗಳು ಬೇಕಾಗುತ್ತವೆ. ಈ ಅಸಮತೆಯ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಿಂಚಿನಿಂದ ಹುಟ್ಟಿ ಕಾಂತರೇಖೆಗಳ ಗುಂಟ ಒಂದು ಗೋಲಾರ್ಧದಿಂದ ಇನ್ನೊಂದಕ್ಕೆ ಸಾಗುವ, ಸಿಳ್ಳಿನಂತೆ ಕೇಳಿಸುವ ರೇಡಿಯೋ ಅಲೆಗಳನ್ನು ಅಭ್ಯಸಿಸಿದ ಓವನ್ ಸ್ಟೋರಿ, ಅಷ್ಟು ಎತ್ತರದಲ್ಲಿಯೂ ಎಲೆಕ್ಟ್ರಾನುಗಳು ಹೇರಳವಾಗಿವೆಯೆಂದು 1953ರಲ್ಲಿ ತೋರಿಸಿದರು. 1959ರ ಸೋವಿಯತ್ ಲೂನಾ ನೌಕೆಗಳ ಮಾಪನಗಳಿಂದ ಗ್ರಿಂಗೌಜ್ ಅವರೂ, 1963ರಲ್ಲಿ ಅದೇ ಸಿಳ್ಳಲೆಗಳ ನೆರವಿನಿಂದ ಡಾನ್ ಕಾರ್ಪೆಂಟರ್ ಅವರೂ ಸಾಂದ್ರತೆ ಹಠಾತ್ತನೆ ಕುಸಿಯುವ ಅಂಚನ್ನು ಗುರುತಿಸಿದರು. ಇದೇ ಪ್ಲಾಸ್ಮಾಪಾಸ್. ಕಾರ್ಪೆಂಟರ್ ಮತ್ತು ಆಂಡರ್ಸನ್ 1992ರಲ್ಲಿ ನೀಡಿದ ಸೂತ್ರದಂತೆ, ಹಿಂದಿನ 24 ಗಂಟೆಗಳ ಗರಿಷ್ಠ ಕೆಪಿ ಸೂಚ್ಯಂಕವನ್ನು 0.46ರಿಂದ ಗುಣಿಸಿ 5.6ರಿಂದ ಕಳೆದರೆ, ಭೂಕೇಂದ್ರದಿಂದ ಈ ಅಂಚಿಗಿರುವ ದೂರ ಭೂತ್ರಿಜ್ಯಗಳಲ್ಲಿ ದೊರೆಯುತ್ತದೆ. ಸೂಚ್ಯಂಕ 1 ಇದ್ದಾಗ ಅದು ಸುಮಾರು 5.1, 7ಕ್ಕೇರಿದಾಗ ಸುಮಾರು 2.4.

ಕುಗ್ಗುವಿಕೆಗೆ ಕಾರಣ ಎರಡು ಚಲನೆಗಳ ಪೈಪೋಟಿ. ಒಂದು, ಭೂಮಿಯೊಡನೆ ಸುತ್ತುವ ಚಲನೆ. ಇನ್ನೊಂದು, ಸೌರಮಾರುತದಿಂದ ಪ್ರೇರಿತವಾದ ವಿದ್ಯುತ್ ಕ್ಷೇತ್ರವು ಪ್ಲಾಸ್ಮಾವನ್ನು ಸೂರ್ಯನ ದಿಕ್ಕಿಗೆ ಒಯ್ಯುವ ಸಂವಹನ. ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಾಭಿಮುಖವಾದಾಗ ಅದು ಭೂಕಾಂತಕ್ಷೇತ್ರದೊಡನೆ ಬೆಸೆದುಕೊಂಡು ಸಂವಹನ ಪ್ರಬಲವಾಗುತ್ತದೆ. ಆಗ ಮುಚ್ಚಿದ ಪಥಗಳಲ್ಲಿ ಸುತ್ತುತ್ತಿದ್ದ ಹೊರಪದರದ ಪ್ಲಾಸ್ಮಾ ತೆರೆದ ಪಥಗಳಿಗೆ ಸಿಲುಕಿ, ಅಪರಾಹ್ನದ ಪಾರ್ಶ್ವದಲ್ಲಿ ಉದ್ದನೆಯ ಬಾಲದಂತೆ ಹೊರಚಾಚಿ, ಕಾಂತಗೋಳದ ಹಗಲಂಚಿನತ್ತ ಹರಿದುಹೋಗುತ್ತದೆ. 2000ದ ಮಾರ್ಚ್‌ನಲ್ಲಿ ಉಡಾಯಿಸಲಾದ ಇಮೇಜ್ ಉಪಗ್ರಹವು ಹೀಲಿಯಂ ಅಯಾನುಗಳು ಚದುರಿಸುವ 30.4 ನ್ಯಾನೊಮೀಟರ್ ಬೆಳಕಿನಲ್ಲಿ ಈ ಬಾಲವನ್ನು ಚಿತ್ರಿಸಿ, ಅದುವರೆಗಿನ ಸೈದ್ಧಾಂತಿಕ ನಿರೀಕ್ಷೆಯನ್ನು ದೃಢಪಡಿಸಿತು.

ಮರುಭರ್ತಿಯ ಮಾರ್ಗ ಬೇರೆ. ಅಯಾನುಗೋಳದ ಮೇಲ್ಭಾಗದಲ್ಲಿ ಆಮ್ಲಜನಕದ ಅಯಾನು ಹೈಡ್ರೋಜನ್ ಪರಮಾಣುವಿನೊಡನೆ ಆವೇಶ ವಿನಿಮಯ ಮಾಡಿಕೊಂಡಾಗ ಪ್ರೋಟಾನು ಉಂಟಾಗುತ್ತದೆ. ಇಂಥ ಪ್ರೋಟಾನುಗಳು ಕಾಂತರೇಖೆಗಳ ಗುಂಟ ಮೇಲೇರಿ ಬರಿದಾದ ವಲಯವನ್ನು ನಿಧಾನವಾಗಿ ತುಂಬುತ್ತವೆ. ದೂರ ಹೆಚ್ಚಿದಂತೆ ತುಂಬಬೇಕಾದ ಗಾತ್ರವೂ ತೀವ್ರವಾಗಿ ಹೆಚ್ಚುವುದರಿಂದ ಹೊರಭಾಗ ಕೊನೆಗೆ ತುಂಬುತ್ತದೆ. ಇದಲ್ಲದೆ, ಕ್ಷೋಭೆಯಿಂದ ಬಿಸಿಯಾದ ಮೇಲ್ವಾತಾವರಣದಲ್ಲಿ ಸಾರಜನಕದ ಅಣುಗಳ ಪ್ರಮಾಣ ಏರಿ ಆಮ್ಲಜನಕದ ಅಯಾನುಗಳು ಬೇಗ ನಶಿಸುತ್ತವೆ. ಅಂದರೆ ಪ್ಲಾಸ್ಮಾಗೋಳವನ್ನು ಬರಿದಾಗಿಸಿದ ಕ್ಷೋಭೆಯೇ ಅದರ ಮೂಲಸೆಲೆಯನ್ನೂ ಬತ್ತಿಸುತ್ತದೆ.

2024ರ ಮೇ ತಿಂಗಳ ಮಹಾಕ್ಷೋಭೆ ಇದಕ್ಕೆ ಸ್ಪಷ್ಟ ನಿದರ್ಶನ. ಡಿಎಸ್‌ಟಿ ಸೂಚ್ಯಂಕ -400 ನ್ಯಾನೊಟೆಸ್ಲಾಗಿಂತಲೂ ಕೆಳಗಿಳಿದ ಆ ಸಂದರ್ಭದಲ್ಲಿ, ಜಪಾನಿನ ಅರಾಸೆ ಉಪಗ್ರಹದ ಮಾಪನಗಳ ಪ್ರಕಾರ, ಸುಮಾರು 44,000 ಕಿಲೋಮೀಟರ್ ಎತ್ತರದಲ್ಲಿದ್ದ ಅಂಚು 9 ಗಂಟೆಗಳಲ್ಲಿ ಸುಮಾರು 9,600 ಕಿಲೋಮೀಟರಿಗೆ ಇಳಿಯಿತು. ಚೇತರಿಕೆಗೆ 4 ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈ ವಿಳಂಬ ಕೇವಲ ಸೈದ್ಧಾಂತಿಕ ಆಸಕ್ತಿಯ ವಿಷಯವಲ್ಲ. ಪ್ಲಾಸ್ಮಾಗೋಳದೊಳಗಿನ ಅಲೆಗಳು ಪ್ರಬಲ ಎಲೆಕ್ಟ್ರಾನುಗಳನ್ನು ವಾತಾವರಣಕ್ಕೆ ಚದುರಿಸಿ, ಎರಡು ವಿಕಿರಣ ಪಟ್ಟಿಗಳ ನಡುವಿನ ಅಂತರವನ್ನು ಬಹುತೇಕ ಬರಿದಾಗಿರಿಸುತ್ತವೆ. 2003ರ ಅಕ್ಟೋಬರ್-ನವೆಂಬರ್ ಕ್ಷೋಭೆಗಳಲ್ಲಿ ಪ್ಲಾಸ್ಮಾಗೋಳ ಒಳಸರಿದಾಗ ಆ ಅಂತರವೇ ಪ್ರಬಲ ಎಲೆಕ್ಟ್ರಾನುಗಳಿಂದ ತುಂಬಿತು. ಇಂಥ ವಿಕಿರಣ ಉಪಗ್ರಹಗಳ ವಿದ್ಯುನ್ಮಾನ ಉಪಕರಣಗಳಿಗೆ ಅಪಾಯಕಾರಿ. ಸ್ಥಾನನಿರ್ದೇಶಕ ಉಪಗ್ರಹಗಳ ಸಂಕೇತಗಳೂ ಪ್ಲಾಸ್ಮಾಗೋಳವನ್ನು ಹಾದು ಬರುವುದರಿಂದ ಅದರ ಎಲೆಕ್ಟ್ರಾನು ಪ್ರಮಾಣವನ್ನು ಗಣಿಸಬೇಕಾಗುತ್ತದೆ. ಆದುದರಿಂದ ಬಾಹ್ಯಾಕಾಶ ಹವೆಯ ಮುನ್ಸೂಚನೆಯು ಕ್ಷೋಭೆಯ ತೀವ್ರತೆಯನ್ನಷ್ಟೇ ಅಲ್ಲದೆ, ಕ್ಷೋಭೆ ಅಡಗಿದ ಅನಂತರದ ಅಯಾನುಗೋಳದ ಸ್ಥಿತಿಯನ್ನೂ ಒಳಗೊಳ್ಳಬೇಕಾದುದು ಅವಶ್ಯ.