ಕಿತ್ತೂರು ನೋಡಿದಿರಿ, ಬೈಲಹೊಂಗಲ?

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೊರಟವರು ಕಿತ್ತೂರಿನ ಫಲಕ ಕಂಡರೆ ಗಾಡಿ ತಿರುಗಿಸುತ್ತಾರೆ. ತಿರುಗಿಸಲೇಬೇಕು. ಕಂಪನಿ ಸರ್ಕಾರದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಸತ್ತದ್ದು ರಾಣಿ ಚೆನ್ನಮ್ಮನ ಪಡೆಯೊಡನೆ ಇಲ್ಲಿ ನಡೆದ ಕಾಳಗದಲ್ಲೇ. ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಅದಕ್ಕೆ ಕಣ್ಣು ಹಚ್ಚಿದರೆ ಧ್ರುವ ನಕ್ಷತ್ರ ಕಾಣುತ್ತದೆ ಅಂತ ಊರವರು ಕರೆದು ತೋರಿಸುತ್ತಾರೆ.

ಆದರೆ ಚೆನ್ನಮ್ಮ ಕೊನೆಯುಸಿರೆಳೆದದ್ದು ಕಿತ್ತೂರಿನಲ್ಲಲ್ಲ. 1829ರ ಫೆಬ್ರುವರಿಯಲ್ಲಿ, ಬೈಲಹೊಂಗಲದಲ್ಲಿ, ಕಂಪನಿಯ ಸೆರೆಯಲ್ಲಿ. ಸಮಾಧಿ ಅದೇ ಪಟ್ಟಣದಲ್ಲಿದೆ. ರಾಣಿಯ ಬಂಟ ರಾಯಣ್ಣನ ಊರು ಸಂಗೊಳ್ಳಿಯೂ ಬೈಲಹೊಂಗಲ ತಾಲ್ಲೂಕಿನದೇ. ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದೇ ಸೀಮೆಯ ಸವದತ್ತಿಗೆ ಬರುವವರು ಸೀದಾ ಎಲ್ಲಮ್ಮನ ಗುಡ್ಡಕ್ಕೆ ನಡೆಯುತ್ತಾರೆ. ಒಂದು ಕಾಲಕ್ಕೆ ಸವದತ್ತಿ ರಟ್ಟ ಅರಸರ ರಾಜಧಾನಿ, ಆಗಿನ ಹೆಸರು ಸುಗಂಧವರ್ತಿ. ಊರೊಳಗಿನ ಕೋಟೆಯನ್ನೂ ಹತ್ತಿ ಬನ್ನಿ.

ಪಕ್ಕದ ರಾಮದುರ್ಗದ್ದು ಇನ್ನೂ ಈಚಿನ ನೆನಪು. 1939ರ ಏಪ್ರಿಲ್‌ನಲ್ಲಿ ಸಂಸ್ಥಾನದ ಆಡಳಿತದ ವಿರುದ್ಧ ಜನ ಸಿಡಿದೆದ್ದರು, ರಕ್ತ ಹರಿಯಿತು. ಹೊರಗಿನವರಿಗೆ ಇದು ಗೊತ್ತೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮುಂದಿನ ಸಲ ಕಿತ್ತೂರಿಗೆ ಬಂದಾಗ ಬೈಲಹೊಂಗಲಕ್ಕೂ ಬನ್ನಿ. ಚೆನ್ನಮ್ಮ ತಾಯಿಯ ಸಮಾಧಿಗೆ ಒಂದು ಹೂವಿಟ್ಟು ಹೋಗಿ.