ಬೆಂಗಳೂರಿನಲ್ಲಿ ಬಸ್ಸು, ಮೆಟ್ರೊ ಹತ್ತುವ ಬಗೆ



ತೋಟದಲ್ಲಿ ರೋಗ ಕಂಡಿದೆ. ಸಸಿಯೊಂದನ್ನು ಬೇರುಸಹಿತ ಕಿತ್ತು, ಹೆಬ್ಬಾಳದಾಚೆಯ ಜಿ.ಕೆ.ವಿ.ಕೆ.ಗೆ ತೋರಿಸಲು ಹೊರಟಿದ್ದೀರಿ. ಬೆಂಗಳೂರಿನಲ್ಲಿ ಇಳಿದೊಡನೆ ನಾಲ್ವರು ಮುತ್ತಿಕೊಂಡು "ಎಲ್ಲಿಗೆ?" ಎನ್ನುತ್ತಾರೆ. ಗಾಬರಿಯಲ್ಲಿ ಆಟೊ ಹತ್ತಿದರೆ, ಊರಿಂದ ಬಂದ ಖರ್ಚಿಗಿಂತ ಹೆಚ್ಚು ಹಣ ಅಲ್ಲಿಯೇ ಕರಗಬಹುದು. ದಾರಿ ತಪ್ಪಿ ತಡವಾದರೆ ಸಸಿಯೂ ಬಾಡುತ್ತದೆ, ಕಚೇರಿಯ ಹೊತ್ತೂ ಮೀರುತ್ತದೆ. ಕೆಲವು ವಿಷಯಗಳನ್ನು ಮೊದಲೇ ತಿಳಿದಿದ್ದರೆ ಇದಾವುದೂ ಆಗದು.

ಹೊರಡುವ ಮುನ್ನ

ರಜಾದಿನವಲ್ಲವೆಂದು ಖಚಿತಪಡಿಸಿಕೊಳ್ಳಿ. ಹೋಗಬೇಕಾದ ಸ್ಥಳದ ಹೆಸರು ಮತ್ತು ಇಳಿಯುವ ನಿಲ್ದಾಣವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಚಿಲ್ಲರೆ ಹಣ, ಗುರುತಿನ ಚೀಟಿ ಜೊತೆಯಲ್ಲಿರಲಿ. ಸಸಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ. ಒದ್ದೆಯಾದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ದಾರಿಯಲ್ಲೇ ಕೊಳೆಯುತ್ತದೆ.

ಎಲ್ಲಿ ಇಳಿಯಬೇಕು?

ಎಲ್ಲರೂ ಮೆಜೆಸ್ಟಿಕ್‌ವರೆಗೆ ಬರಬೇಕಾಗಿಲ್ಲ. ತುಮಕೂರು ಕಡೆಯವರು ಗೊರಗುಂಟೆಪಾಳ್ಯದಲ್ಲಿ ಇಳಿದು ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಹೆಬ್ಬಾಳ ಸೇರಬಹುದು. ಅಲ್ಲಿಂದ ಯಲಹಂಕದ ಕಡೆಯ ಬಸ್ಸು ಹಿಡಿಯಿರಿ. ಚಿಕ್ಕಬಳ್ಳಾಪುರದವರಿಗೆ ಜಿ.ಕೆ.ವಿ.ಕೆ. ದಾರಿಯಲ್ಲಿಯೇ ಸಿಗುತ್ತದೆ; ಬಸ್ಸು ಅಲ್ಲಿ ನಿಲ್ಲುವುದೇ ಎಂದು ಕಂಡಕ್ಟರನ್ನು ಮೊದಲೇ ಕೇಳಿರಿ.

ಉಳಿದವರಿಗೆ ಮೆಜೆಸ್ಟಿಕ್, ಅಂದರೆ ಕೆಂಪೇಗೌಡ ಬಸ್ ನಿಲ್ದಾಣವೇ ಸರಿ. ಹಿಂದೆ ಈ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿತ್ತು. ಈಗ ಇಲ್ಲಿಂದ ಬಸ್ಸುಗಳು ಕಾಲುವೆಗಳಂತೆ ಎಲ್ಲ ದಿಕ್ಕಿಗೂ ಹರಿಯುತ್ತವೆ. ಹೆಬ್ಬಾಳದ ಮೇಲೆ ಯಲಹಂಕಕ್ಕೆ ಹೋಗುವ ನಗರ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆಂದು ವಿಚಾರಣೆ ಕೊಠಡಿಯಲ್ಲಿ ಕೇಳಿರಿ. ಬಸ್ಸಿನ ಸಂಖ್ಯೆಯ ಜೊತೆಗಿರುವ ಅಕ್ಷರವನ್ನೂ ಗಮನಿಸಬೇಕು. ಸಂಖ್ಯೆ ಒಂದೇ ಇದ್ದರೂ ಅಕ್ಷರ ಬದಲಾದರೆ ದಾರಿ ಬದಲಾಗುತ್ತದೆ.

ಇನ್ನೊಂದು ಎಚ್ಚರಿಕೆ. ಜಿ.ಕೆ.ವಿ.ಕೆ. ಎದುರು ಮೇಲ್ಸೇತುವೆ ರಸ್ತೆಯಿದೆ. ಅದರ ಮೇಲೆ ಸಾಗುವ ವಿಮಾನ ನಿಲ್ದಾಣದ ಬಸ್ಸು ಅಲ್ಲಿ ನಿಲ್ಲದು. ಕೆಳರಸ್ತೆಯ ಬಸ್ಸನ್ನೇ ಹತ್ತಿರಿ.

ಟಿಕೆಟ್

ದಿನವಿಡೀ ಮೂರು ನಾಲ್ಕು ಕಡೆ ಓಡಾಡುವುದಿದ್ದರೆ ದಿನದ ಪಾಸು ಲಾಭಕರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೂ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು. ಹವಾನಿಯಂತ್ರಿತ ಬಸ್ಸಿಗೂ ಮೆಟ್ರೊಗೂ ಈ ಸೌಲಭ್ಯವಿಲ್ಲ.

ಮೆಟ್ರೊ ರೈಲು

ನಗರದ ಇತರ ಕಡೆಗಳ ಕೆಲಸಕ್ಕೆ ಮೆಟ್ರೊ ಅನುಕೂಲ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ ಹೋಗುತ್ತವೆ. ಎರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. ಯಶವಂತಪುರ, ಕೆ.ಆರ್. ಮಾರುಕಟ್ಟೆ, ಲಾಲ್‌ಬಾಗ್ ಮೂರೂ ಹಸಿರು ಮಾರ್ಗದಲ್ಲಿವೆ. ಟೋಕನ್ ಪಡೆದವರು ಒಳಹೋಗುವಾಗ ಅದನ್ನು ಯಂತ್ರಕ್ಕೆ ತಾಗಿಸಬೇಕು. ಹೊರಬರುವಾಗ ಅದರ ಕಿಂಡಿಗೆ ಹಾಕಬೇಕು. ಅಲ್ಲಿಯವರೆಗೆ ಜೋಪಾನ. ದೊಡ್ಡ ಮೂಟೆಗಳನ್ನು ಒಯ್ಯಬೇಡಿ.

ಸಂಕೋಚ ಬೇಡ

2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಚೆನ್ನಾಗಿಲ್ಲವೆಂದು ತಡೆಯಲಾಯಿತು. ಅವರ ಬಳಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಅವರ ಪರವಾಗಿ ನಿಂತು, ಇದು ಯಾವ ನಿಯಮವೆಂದು ಕೇಳಿದರು. ಕೊನೆಗೆ ರೈತರು ಪ್ರಯಾಣ ಮಾಡಿದರು. ತಡೆದ ಭದ್ರತಾ ಮೇಲ್ವಿಚಾರಕನನ್ನು ಮೆಟ್ರೊ ನಿಗಮ ಕೆಲಸದಿಂದ ತೆಗೆದುಹಾಕಿತು. ಆದ್ದರಿಂದ ಕೈಯಲ್ಲಿ ಟಿಕೆಟ್ ಇರುವಾಗ ಅಂಗಿಯ ಮಣ್ಣಿಗಾಗಿ ತಲೆತಗ್ಗಿಸಬೇಕಾಗಿಲ್ಲ. ಗೊತ್ತಿಲ್ಲದ್ದನ್ನು ಕೇಳುವುದೂ ಅವಮಾನವಲ್ಲ. ನಿಮ್ಮೂರಿಗೆ ಬಂದವರು ದಾರಿ ಕೇಳಿದರೆ ನೀವು ಹೇಳುವುದಿಲ್ಲವೇ?

ಮರಳುವಾಗ

ಕೆಲಸವನ್ನು ಮಧ್ಯಾಹ್ನ ಮೂರರೊಳಗೆ ಮುಗಿಸುವುದು ಉತ್ತಮ. ಸಂಜೆ ಐದರ ನಂತರ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚು. ಹೆಬ್ಬಾಳದಲ್ಲಿ ವಾಹನಗಳು ಬೇಗ ಕದಲುವುದಿಲ್ಲ. ಊರಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಿಗ್ಗೆ ಇಳಿದಾಗಲೇ ಕೇಳಿಟ್ಟುಕೊಳ್ಳಿ. ತಜ್ಞರು ಬರೆದುಕೊಟ್ಟ ಔಷಧಿಯ ಚೀಟಿಯನ್ನು ಒಳಜೇಬಿನಲ್ಲಿ ಭದ್ರವಾಗಿಡಿ. ನೀವು ಇಷ್ಟು ದೂರ ಬಂದದ್ದು ಅದಕ್ಕಾಗಿಯೇ ಅಲ್ಲವೇ?